ಡಿಜಿಟಲ್ ಪ್ರೆಸ್‌ನಲ್ಲಿ ಯಾವ ಸೆಟ್ಟಿಂಗ್ ಮೊದಲು ಮುಟ್ಟಬೇಕು? ಅನುಭವ ಇದ್ದವರು ಹೇಳಿ

ಯಾದಗಿರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಮನೆಯವರು ಸೇರಿ ಯಾದಗಿರಿಯಲ್ಲಿ ಸಣ್ಣ ಪ್ರಿಂಟಿಂಗ್ ಅಂಗಡಿ ನಡೆಸುತ್ತೇವೆ. ಇಷ್ಟು ದಿನ ಕಲರ್ ಕೆಲಸ ಹೊರಗೆ ಕೊಟ್ಟು ಮಾಡಿಸುತ್ತಿದ್ದೆವು. ಈಗ ಸೆಕೆಂಡ್ ಹ್ಯಾಂಡ್ ಪ್ರೊಡಕ್ಷನ್ ಮೆಷಿನ್ ತಂದಿದ್ದೇವೆ. ಜೊತೆಗೆ ಫಿಯರಿ ಕಂಟ್ರೋಲರ್ (ಫೈಲ್ ಓದಿ ಮೆಷಿನ್‌ಗೆ ಕಳಿಸುವ ಕಂಪ್ಯೂಟರ್) ಇದೆ. ಕೂಡಿಸಲು ಬಂದವರು ನಾಲ್ಕು ಶೀಟ್ ತೆಗೆದು ತೋರಿಸಿ ಹೋದರು, ಸೆಟ್ಟಿಂಗ್ ಬಗ್ಗೆ ಜಾಸ್ತಿ ಹೇಳಲಿಲ್ಲ.

ತೊಂದರೆ ಮೂರು. 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಪೇಪರ್ ತೂಕ) ಆರ್ಟ್ ಕಾರ್ಡ್ ಮಡಚಿದರೆ ಮಡಿಕೆಯಲ್ಲಿ ಬಣ್ಣ ಉದುರುತ್ತದೆ. ಎರಡೂ ಬದಿ ಹೊಡೆದರೆ ಹಿಂದು ಮುಂದು ಹೊಂದುವುದಿಲ್ಲ, ಸುಮಾರು 2 ಮಿ.ಮೀ. ಸರಿಯುತ್ತದೆ. ಬರೀ ಕಪ್ಪು ಅಕ್ಷರದ ಪುಟಕ್ಕೂ ಕಲರ್ ಕ್ಲಿಕ್ ಬೀಳುತ್ತಿದೆ, ಅಂದರೆ ಮೀಟರಿನಲ್ಲಿ ಕಲರ್ ಪುಟದ ಲೆಕ್ಕಕ್ಕೆ ಹೋಗಿ ಅದರ ದುಡ್ಡು ಬೀಳುತ್ತಿದೆ. ಜಾಬ್ ಪ್ರಾಪರ್ಟೀಸ್ (ಒಂದೊಂದು ಕೆಲಸದ ಸೆಟ್ಟಿಂಗ್ ಪಟ್ಟಿ) ತೆರೆದರೆ ಅಷ್ಟೊಂದು ಆಯ್ಕೆ ಇವೆ, ಯಾವುದನ್ನು ಮುಟ್ಟಬೇಕೋ ತಿಳಿಯುತ್ತಿಲ್ಲ. ಮದುವೆ ಸೀಸನ್ ಬೇರೆ ಶುರುವಾಗಿದೆ.

ಕಲಬುರಗಿಯಿಂದ, ಡಿಜಿಟಲ್ ಪ್ರೆಸ್ ಆಪರೇಟರ್

ಅಕ್ಕಾ, ಮೊದಲು ಕಲರ್ ಟ್ಯಾಬ್ ಮುಚ್ಚಿ. ಪೇಪರ್ ನೋಡಿ. ನಿಮ್ಮ ಮೂರರಲ್ಲಿ ಎರಡು ತೊಂದರೆ ಪೇಪರ್‌ನವು.

ಟ್ರೇಯಲ್ಲಿ ಏನು ಹಾಕಿದ್ದೀರೋ ಅದನ್ನೇ ಮೆಷಿನ್‌ಗೆ ಹೇಳಿದ್ದೀರಾ? ಬಹಳ ಕಡೆ ಟ್ರೇ ಸೆಟ್ಟಿಂಗ್ ‘ಪ್ಲೇನ್’ ಅಂತಲೇ ಇರುತ್ತದೆ, ಒಳಗೆ 300ರ ಆರ್ಟ್ ಕಾರ್ಡ್ ಇರುತ್ತದೆ. ಮೆಷಿನ್ ಕಣ್ಣಿಂದ ನೋಡಿ ತಿಳಿಯುವುದಿಲ್ಲ. ನೀವು ಕೊಟ್ಟ ತೂಕ ನೋಡಿಯೇ ಫ್ಯೂಸರ್ (ಟೋನರ್ ಅಂದರೆ ಬಣ್ಣದ ಪುಡಿಯನ್ನು ಬಿಸಿಯಿಂದ ಪೇಪರಿಗೆ ಅಂಟಿಸುವ ಭಾಗ) ಎಷ್ಟು ಬಿಸಿ ಇರಬೇಕು, ಶೀಟ್ ಎಷ್ಟು ನಿಧಾನ ಓಡಬೇಕು, ಟೋನರ್ ಎಳೆಯಲು ಎಷ್ಟು ವೋಲ್ಟೇಜ್ ಕೊಡಬೇಕು ಎಂದು ತೀರ್ಮಾನಿಸುತ್ತದೆ. 80 ಜಿಎಸ್‌ಎಂ ಅಂದುಕೊಂಡು 300 ಓಡಿಸಿದರೆ ಟೋನರ್ ಸರಿಯಾಗಿ ಕರಗುವುದೇ ಇಲ್ಲ, ಮೇಲೆ ಕೂತಿರುತ್ತದೆ ಅಷ್ಟೇ. ಹಾಗಾಗಿ ತೂಕವೂ ಸರಿ ಇರಬೇಕು, ‘ಕೋಟೆಡ್’ (ಮೇಲೆ ನುಣುಪು ಲೇಪ ಇರುವ ಪೇಪರ್) ಹೌದೋ ಅಲ್ಲವೋ ಅದೂ ಸರಿ ಇರಬೇಕು. ಜಾಬ್‌ನಲ್ಲೂ ಅದೇ ಪೇಪರ್, ಟ್ರೇಯಲ್ಲೂ ಅದೇ ಪೇಪರ್. ಎರಡೂ ಬೇರೆಬೇರೆ ಇದ್ದರೆ ಮೆಷಿನ್ ಪೇಪರ್ ಹಾಕಿ ಅಂತ ನಿಂತುಬಿಡುತ್ತದೆ, ಇಲ್ಲವೇ ಬೇರೆ ಟ್ರೇಯಿಂದ ಎಳೆಯುತ್ತದೆ.

ಸೆಟ್ ಮಾಡಿದ ಮೇಲೆ ದಟ್ಟ ಬಣ್ಣದ ಒಂದು ಶೀಟ್ ತೆಗೆದು, ತಣ್ಣಗಾದ ಮೇಲೆ ಉಗುರಿನಿಂದ ಗೀರಿ ನೋಡಿ. ಟೇಪ್ ಅಂಟಿಸಿ ಕಿತ್ತು ನೋಡಿ. ಪುಡಿ ಬಂದರೆ ತೂಕದ ವರ್ಗ ಒಂದು ಹಂತ ಮೇಲೆ ಹಾಕಿ. ತೆಳು ಪೇಪರ್‌ನಲ್ಲಿ ಉಲ್ಟಾ. ಶೀಟ್ ಸುರುಳಿ ಸುತ್ತಿದರೆ, ಇಲ್ಲವೇ ಫ್ಯೂಸರ್‌ಗೆ ಸುತ್ತಿಕೊಂಡು ಜಾಮ್ ಆದರೆ, ಒಂದು ಹಂತ ಕೆಳಗೆ ಇಳಿಸಿ.

ಇನ್ನು ಮಡಿಕೆ. ಇದನ್ನು ಪೂರ್ತಿ ಸೆಟ್ಟಿಂಗ್ ಮೇಲೆ ಹಾಕಬೇಡಿ. ಟೋನರ್ ಎಷ್ಟೇ ಚೆನ್ನಾಗಿ ಕೂತರೂ ಅದು ಪೇಪರ್ ಮೇಲಿನ ಪದರ, ಆಫ್‌ಸೆಟ್ ಇಂಕಿನ ಹಾಗೆ ಒಳಗೆ ಇಳಿಯುವುದಿಲ್ಲ. 300ರ ಕಾರ್ಡ್ ಕೈಯಲ್ಲಿ ಮಡಚಿದರೆ ಬಿರುಕು ಬಿಡುವುದೇ. ಕ್ರೀಸಿಂಗ್ ಹಾಕಿಯೇ, ಅಂದರೆ ಮಡಚುವ ಗೆರೆಯನ್ನು ಮೊದಲು ಒತ್ತಿಕೊಂಡೇ, ಮಡಚಿ. ಮಡಿಕೆ ಗ್ರೇನ್ (ಪೇಪರಿನ ನಾರು ಸಾಗುವ ದಿಕ್ಕು) ಉದ್ದಕ್ಕೆ ಬರುವಂತೆ ಪೇಪರ್ ಕಟ್ ಮಾಡಿಸಿ. ಗ್ರೇನ್ ತಿಳಿಯದಿದ್ದರೆ ಶೀಟನ್ನು ಎರಡೂ ಕಡೆ ಸ್ವಲ್ಪ ಬಾಗಿಸಿ ನೋಡಿ. ಸುಲಭವಾಗಿ ಬಾಗುವ ಕಡೆ ಮಡಿಕೆ ಬರಲಿ. ಮಡಿಕೆ ಜಾಗದಲ್ಲಿ ದಟ್ಟ ಮರೂನ್ ಇಡಬೇಡಿ ಅಂತ ಗಿರಾಕಿಗೂ ಹೇಳಿ. ಕೇಳುವುದಿಲ್ಲ, ಆದರೂ ಹೇಳಿ.

ಹಿಂದು ಮುಂದು ಹೊಂದದಿರುವುದಕ್ಕೆ ಜಾಬ್‌ನ ಒಳಗೆ ಇಮೇಜ್ ಸರಿಸುತ್ತಾ ಕೂರಬೇಡಿ. ಒಂದು ಜಾಬ್ ಸರಿಯಾದರೆ ಇನ್ನೊಂದು ಕೆಡುತ್ತದೆ. ಮೊದಲು ಶೀಟ್ ಅಳೆಯಿರಿ. ನಮ್ಮ ಕಡೆ ದೊಡ್ಡ ಶೀಟ್ ತಂದು 12×18 ಇಂಚಿಗೆ ಇಲ್ಲೇ ಕಟ್ ಮಾಡಿಸುತ್ತೇವೆ ಅಲ್ವಾ? ಒಂದೇ ಕಟ್ಟಿನಲ್ಲಿ 1 ಮಿ.ಮೀ. ಹೆಚ್ಚು ಕಡಿಮೆ ಇರುತ್ತದೆ, ಮೂಲೆ ನೇರ ಇರುವುದಿಲ್ಲ. ಎರಡನೇ ಬದಿಗೆ ಶೀಟ್ ತಿರುಗಿದಾಗ ಹಿಂದಿನ ಅಂಚು ಮುಂದೆ ಬರುತ್ತದೆ. ಆಗ ಅಳತೆಯ ವ್ಯತ್ಯಾಸ ಎಲ್ಲಾ ಹಿಂಬದಿಯ ಪ್ರಿಂಟಿನಲ್ಲಿ ಕಾಣುತ್ತದೆ. ಪೇಪರ್ ಸರಿ ಇದೆ ಅನ್ನುವುದು ಖಾತ್ರಿ ಆದ ಮೇಲೆ ಅಲೈನ್‌ಮೆಂಟ್ ಚಾರ್ಟ್ (ಎರಡೂ ಬದಿ ಎಲ್ಲಿ ಬೀಳುತ್ತದೆ ಅಂತ ತೋರಿಸುವ ಟೆಸ್ಟ್ ಶೀಟ್) ತೆಗೆದು, ಸ್ಕೇಲಿನಿಂದ ಅಳೆದು, ಆ ಟ್ರೇಗೆ ಅಥವಾ ಆ ಪೇಪರ್‌ನ ಹೆಸರಿಗೆ ಸೇವ್ ಮಾಡಿ. ಹಿಂಬದಿಯ ಅಳತೆಯೂ ಸ್ವಲ್ಪ ತಿದ್ದಬೇಕಾಗುತ್ತದೆ. ಮೊದಲ ಬದಿ ಬಿಸಿಯಾದಾಗ ಪೇಪರ್‌ನ ತೇವ ಹೋಗಿ ಅದು ಕೂದಲೆಳೆಯಷ್ಟು ಕುಗ್ಗಿರುತ್ತದೆ.

ಇನ್ನೊಂದು, ನಮ್ಮ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಒಣಗಿ ಶೀಟ್‌ಗಳು ಸ್ಟ್ಯಾಟಿಕ್‌ನಿಂದ ಒಂದಕ್ಕೊಂದು ಅಂಟುತ್ತವೆ, ಎರಡೆರಡು ಹೋಗುತ್ತವೆ. ಮಳೆಗಾಲದಲ್ಲಿ ಅಂಚು ಅಲೆಅಲೆಯಾಗುತ್ತದೆ. ರೂಮಿನ ತೇವಾಂಶ ಶೇ. 40ರಿಂದ 60ರೊಳಗೆ ಇದ್ದರೆ ಒಳ್ಳೆಯದು. ಪೇಪರ್ ಬಂಡಲನ್ನು ಕವರ್ ಸಮೇತ ಮೆಷಿನ್ ರೂಮಿನಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಬಿಚ್ಚಿ.

ಕಲಬುರಗಿಯಿಂದ ಇನ್ನೊಬ್ಬರು

ಮೇಲಿನವರು ಹೇಳಿದ್ದು ಸರಿ. ಆದರೆ ನಾನಾಗಿದ್ದರೆ ಕ್ಯಾಲಿಬ್ರೇಷನ್ (ಮೆಷಿನ್ ಕೊಡುವ ಬಣ್ಣ ಅಳೆದು ಸರಿ ಮಾಡುವುದು) ಮೊದಲು ಮಾಡುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಮೆಷಿನ್, ಕೊನೆಗೆ ಯಾವಾಗ ಮಾಡಿದ್ದರೋ ಯಾರಿಗೆ ಗೊತ್ತು.

ಕ್ಲಿಕ್ ವಿಷಯಕ್ಕೆ ಬರುತ್ತೇನೆ, ದುಡ್ಡು ಹೋಗುವುದು ಅಲ್ಲೇ. ನಿಮ್ಮ ಫೈಲ್‌ನಲ್ಲಿ ಕಪ್ಪು ಅಕ್ಷರ ಆರ್‌ಜಿಬಿಯಲ್ಲಿ (ಸ್ಕ್ರೀನಿನ ಕೆಂಪು, ಹಸಿರು, ನೀಲಿ ಲೆಕ್ಕದಲ್ಲಿ) ಇರಬೇಕು. ವರ್ಡ್‌ನಿಂದ ಬಂದ ಫೈಲ್ ಬಹಳ ಸಲ ಹಾಗೇ. ಅದು ಸಿಎಂವೈಕೆಗೆ (ಪ್ರಿಂಟಿನ ಸಯಾನ್, ಮಜೆಂಟಾ, ಹಳದಿ, ಕಪ್ಪಿಗೆ) ಬದಲಾಗುವಾಗ ಕಪ್ಪು ನಾಲ್ಕು ಬಣ್ಣ ಸೇರಿ ಆಗುತ್ತದೆ. ಕಣ್ಣಿಗೆ ಕಪ್ಪು, ಮೀಟರಿಗೆ ಕಲರ್. ಜಾಬ್ ಪ್ರಾಪರ್ಟೀಸ್‌ನ ಕಲರ್ ಟ್ಯಾಬ್‌ನಲ್ಲಿ ಕಪ್ಪು ಅಕ್ಷರ ಮತ್ತು ಗ್ರಾಫಿಕ್ಸ್‌ಗೆ ‘ಪ್ಯೂರ್ ಬ್ಲ್ಯಾಕ್’ ಆನ್ ಮಾಡಿ. ಬೂದು ಬಣ್ಣ ಬರೀ ಕಪ್ಪಿನಿಂದ ಆಗಲಿ ಅನ್ನುವ ಆಯ್ಕೆಯೂ ಅಲ್ಲೇ ಇದೆ, ಅದನ್ನೂ ಹಾಕಿ.

ಆದರೆ ಸ್ಕ್ಯಾನ್ ಮಾಡಿದ ಪುಟಕ್ಕೆ ಇದು ನಡೆಯುವುದಿಲ್ಲ. ಅದು ಅಕ್ಷರ ಅಲ್ಲ, ಫೋಟೋ. ವಿಶ್ವವಿದ್ಯಾಲಯದ ಹುಡುಗರು ಹಳೇ ಪ್ರಶ್ನೆಪತ್ರಿಕೆ, ನೋಟ್ಸ್ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ತರುತ್ತಾರಲ್ಲ, ಅಂಥದ್ದಕ್ಕೆಲ್ಲ ಕಲರ್ ಮೋಡ್ ನೇರವಾಗಿ ‘ಗ್ರೇಸ್ಕೇಲ್’ ಮಾಡಿ. ಥೀಸಿಸ್‌ನಲ್ಲಿ ಕೆಲವು ಪುಟ ಮಾತ್ರ ಕಲರ್ ಇದ್ದರೆ ಗಮನ ಇರಲಿ. ಮೇಲೆ ಕಾಲೇಜಿನ ಲೋಗೋ ಚಿಕ್ಕದಾಗಿ ಕಲರ್‌ನಲ್ಲಿ ಇದ್ದರೂ ಆ ಬದಿ ಪೂರ್ತಿ ಕಲರ್ ಕ್ಲಿಕ್. ಪ್ರತಿ ಪುಟದಲ್ಲೂ ಲೋಗೋ ಬೇಕಾ ಅಂತ ಮೊದಲೇ ಕೇಳಿಬಿಡಿ. ಮತ್ತೆ ನಿಮ್ಮ ಸರ್ವಿಸ್ ಒಪ್ಪಂದ ತೆಗೆದು ಓದಿ. ಎ3 ಶೀಟ್‌ಗೆ ಒಂದು ಕ್ಲಿಕ್ಕೋ ಎರಡೋ ಅಂತ ಒಪ್ಪಂದದಿಂದ ಒಪ್ಪಂದಕ್ಕೆ ಬೇರೆ ಇರುತ್ತದೆ. ರೇಟ್ ಹಾಕುವ ಮುಂಚೆ ಅದು ಗೊತ್ತಿರಬೇಕು.

ಮೊದಲ ಆಪರೇಟರ್

ಕ್ಯಾಲಿಬ್ರೇಷನ್ ಬೇಡ ಅಂದಿಲ್ಲ ಸರ್. ಪೇಪರ್ ತಪ್ಪಿದ್ದಾಗ ಕ್ಯಾಲಿಬ್ರೇಟ್ ಮಾಡಿದರೆ ಆ ತಪ್ಪಿನ ಮೇಲೆಯೇ ಬಣ್ಣ ಹೊಂದಿಸಿದಂತೆ. ಟ್ರೇ ಸರಿ ಮಾಡಿ, ಎಸಿ ಹಾಕಿ, ಮೆಷಿನ್ ಬಿಸಿ ಆಗಲು ಬಿಟ್ಟು, ನಾಲ್ಕು ಶೀಟ್ ಓಡಿಸಿ ಆಮೇಲೆ ಮಾಡಲಿ. ದಿನಾ ಬೆಳಿಗ್ಗೆ ಒಮ್ಮೆ ಮಾಡಿದರೆ ಸಾಕು. ನಡುವೆ ಟೋನರ್ ಬಿಟ್ಟು ಬೇರೆ ದೊಡ್ಡ ಪಾರ್ಟ್ ಬದಲಾದರೆ ಮತ್ತೆ ಮಾಡಬೇಕು.

ಬೀದರ್‌ನಿಂದ, ಡಿಸೈನರ್

ನಾನು ಮೆಷಿನ್ ಓಡಿಸುವುದಿಲ್ಲ, ಫೈಲ್ ಮಾಡಿ ಕಳಿಸುವವನು. ಎರಡು ವಿಷಯ ನಮ್ಮ ಊರಿನ ಕೆಲಸದಿಂದ ಕಲಿತದ್ದು.

ಒಂದು, ಬಿದ್ರಿ ಸಾಮಾನಿನ ಕ್ಯಾಟಲಾಗ್. ಕಪ್ಪು ಹೂಜಿ, ಅದರ ಮೇಲೆ ಬೆಳ್ಳಿ ಬಳ್ಳಿ. ಫೋಟೋ ಎಷ್ಟು ಚೆನ್ನಾಗಿದ್ದರೂ ಪ್ರಿಂಟಿನಲ್ಲಿ ಕಪ್ಪು ಹಸಿರಾಗುತ್ತದೆ, ಇಲ್ಲವೇ ಕಂದು ತಿರುಗುತ್ತದೆ. ಬೆಳ್ಳಿಗೆ ನೀಲಿ ಬರುತ್ತದೆ. ಇಂಥ ಕೆಲಸಕ್ಕೆ ‘ಪ್ಯೂರ್ ಬ್ಲ್ಯಾಕ್’ ಒಂದೇ ಸಾಕಾಗುವುದಿಲ್ಲ. ದೊಡ್ಡ ಜಾಗಕ್ಕೆ ಬರೀ ಕಪ್ಪು ಟೋನರ್ ಹಾಕಿದರೆ ತೆಳ್ಳಗೆ, ಬೂದುಬೂದಾಗಿ ಕಾಣುತ್ತದೆ. ಹಿನ್ನೆಲೆಗೆ ನಾನು ಸಯಾನ್ 40, ಮಜೆಂಟಾ 30, ಹಳದಿ 30, ಕಪ್ಪು 100 ಕೊಡುತ್ತೇನೆ. ಆದರೆ ಆ ಕಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರ ಬೇಡ. ನಾಲ್ಕು ಬಣ್ಣದಲ್ಲಿ ಒಂದು ಸ್ವಲ್ಪ ಸರಿದರೂ ಅಕ್ಷರ ಮುಚ್ಚಿಹೋಗುತ್ತದೆ. ಕನ್ನಡದ ಒತ್ತಕ್ಷರ ಮೊದಲು ಹೋಗುತ್ತದೆ.

ಅಂಗಡಿಯವರು ರೆಂಡರಿಂಗ್ ಇಂಟೆಂಟ್ (ಪ್ರಿಂಟಿನಲ್ಲಿ ಬಾರದ ಬಣ್ಣವನ್ನು ಹೇಗೆ ಬದಲಿಸಬೇಕು ಅನ್ನುವ ಸೆಟ್ಟಿಂಗ್) ಏನಿದೆ ಅಂತ ನೋಡುವುದೇ ಕಡಿಮೆ. ಫೋಟೋ ಕೆಲಸಕ್ಕೆ ‘ಫೋಟೋಗ್ರಾಫಿಕ್’, ಲೋಗೋ ಬಣ್ಣ ಹೊಂದಬೇಕಾದ ಕೆಲಸಕ್ಕೆ ‘ರಿಲೇಟಿವ್ ಕಲರಿಮೆಟ್ರಿಕ್’ ಹಾಕಿ ನೋಡಿ. ‘ಪ್ರೆಸೆಂಟೇಷನ್’ ಹಾಕಿದರೆ ಬಣ್ಣ ಜೋರಾಗಿ ಬರುತ್ತದೆ. ಜಾತ್ರೆ ಪೋಸ್ಟರಿಗೆ ಚೆಂದ, ಮುಖದ ಬಣ್ಣಕ್ಕೆ ಅಲ್ಲ. ಮತ್ತೆ ಬೆಳ್ಳಿ ಬಣ್ಣ ಸಿಎಂವೈಕೆಯಲ್ಲಿ ಇಲ್ಲವೇ ಇಲ್ಲ, ಬರುವುದು ಬೂದು. ಗಿರಾಕಿಗೆ ಮೊದಲೇ ಒಂದು ಶೀಟ್ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ.

ಎರಡನೆಯದು ಉರ್ದು ಪುಸ್ತಕ. ಇನ್‌ಪೇಜ್‌ನಲ್ಲಿ (ಉರ್ದು ಡಿಟಿಪಿ ಸಾಫ್ಟ್‌ವೇರ್) ಮಾಡಿದ ಪಿಡಿಎಫ್ ಸರಿ ಇರುತ್ತದೆ, ಆದರೆ ಬುಕ್‌ಲೆಟ್ ಹಾಕುವಾಗ ಬೈಂಡಿಂಗ್ ‘ಲೆಫ್ಟ್’ ಅಂತಲೇ ಉಳಿದುಬಿಡುತ್ತದೆ. ಉರ್ದು ಪುಸ್ತಕ ಬಲಗಡೆ ಕಟ್ಟು. ‘ರೈಟ್ ಬೈಂಡಿಂಗ್’ ಮಾಡದಿದ್ದರೆ ಪುಟಗಳೆಲ್ಲ ಉಲ್ಟಾ, ಪೂರ್ತಿ ಲಾಟು ರದ್ದಿಗೆ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ದಿನ ಬರುವ ನಮ್ಮ ಕಡೆ ಇದಕ್ಕೆ ಬೇರೆ ಪ್ರಿಸೆಟ್ ಮಾಡಿಟ್ಟುಕೊಳ್ಳುವುದೇ ವಾಸಿ.

ಯಾದಗಿರಿ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಟ್ರೇ ನೋಡಿದೆ, ‘ಪ್ಲೇನ್’ ಅಂತಲೇ ಇತ್ತು! ಸರಿಯಾದ ತೂಕ, ಕೋಟೆಡ್ ಅಂತ ಹಾಕಿದ ಮೇಲೆ ಮೆಷಿನ್ ನಿಧಾನ ಓಡುತ್ತಿದೆ, ಆದರೆ ಉಗುರಿಗೆ ಬಣ್ಣ ಬರುತ್ತಿಲ್ಲ. ಕಪ್ಪು ಪುಟ ಈಗ ಕಪ್ಪು ಕ್ಲಿಕ್ಕಿಗೇ ಬೀಳುತ್ತಿದೆ. ಹಿಂದು ಮುಂದು ಇನ್ನೂ ನೋಡಿಲ್ಲ, ಕಟಿಂಗ್ ಮಾಡುವವರಿಗೆ ಹೇಳಿದ್ದೇನೆ.

ಈಗ ಹೊಸದು. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ ಹೊರಗಿನಿಂದ ಬಂತು. ನಮ್ಮ ಸಿಸ್ಟಂನಲ್ಲಿ ಸರಿ ಕಾಣುತ್ತದೆ, ಪ್ರಿಂಟಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಬರುತ್ತವೆ. ಮತ್ತೆ ವಿಸಿಟಿಂಗ್ ಕಾರ್ಡ್ ಕಟ್ ಮಾಡಿದರೆ ಅಳತೆ ಸಣ್ಣದಾಗಿದೆ.

ಶಹಾಪುರದಿಂದ, ಡಿಟಿಪಿ ಮತ್ತು ಬಿಲ್ ಬುಕ್ ಕೆಲಸ

ನುಡಿಯ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ರೂಪ ಕೂರಿಸಿದಂಥವು. ಪಿಡಿಎಫ್‌ನಲ್ಲಿ ಫಾಂಟ್ ಸೇರಿರದಿದ್ದರೆ, ಕಂಟ್ರೋಲರ್‌ನಲ್ಲಿ ಆ ಫಾಂಟ್ ಇಲ್ಲದ ಕಾರಣ ಬೇರೆ ಫಾಂಟ್ ಹಾಕಿ ಹೊಡೆಯುತ್ತದೆ. ನಿಮ್ಮ ಸಿಸ್ಟಂನಲ್ಲಿ ಫಾಂಟ್ ಇದೆ, ಅದಕ್ಕೇ ಸರಿ ಕಾಣುತ್ತದೆ. ಫಾಂಟ್ ಎಂಬೆಡ್ ಮಾಡಿದ ಪಿಡಿಎಫ್ ಕೇಳಿ ತರಿಸಿ. ಕೋರೆಲ್‌ಡ್ರಾ ಫೈಲ್ ಆದರೆ ಅಕ್ಷರವನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ಬದಲಿಸಿ ಕಳಿಸಲಿ. ಕರ್ವ್ಸ್ ಮಾಡಿದರೆ ಸಣ್ಣ ಅಕ್ಷರ ಸ್ವಲ್ಪ ದಪ್ಪ ಕಾಣಬಹುದು. ಕೊನೇ ಗಳಿಗೆಯಲ್ಲಿ ಸೋದರಮಾವನ ಹೆಸರು ತಿದ್ದಲೂ ಆಗುವುದಿಲ್ಲ, ಅದಕ್ಕೇ ಮೂಲ ಫೈಲ್ ಇಟ್ಟುಕೊಂಡಿರಲು ಹೇಳಿ. ಹೊಡೆಯುವ ಮುಂಚೆ ಜಾಬ್ ಅನ್ನು ‘ಪ್ರೊಸೆಸ್ ಆಂಡ್ ಹೋಲ್ಡ್’ ಮಾಡಿ ಪ್ರಿವ್ಯೂ ತೆಗೆದು ನೋಡಿ. ಅಲ್ಲಿ ಕಾಣುವುದು ಕಂಟ್ರೋಲರ್ ನಿಜವಾಗಿ ಓದಿಕೊಂಡದ್ದು, ನಿಮ್ಮ ಸಿಸ್ಟಂ ತೋರಿಸುವುದಲ್ಲ.

ಕಾರ್ಡ್ ಸಣ್ಣದಾಗಿದ್ದು ‘ಫಿಟ್ ಟು ಪೇಜ್’ ಕೆಲಸ. ಸ್ಕೇಲ್ 100 ಮಾಡಿ. ಆದರೆ 100 ಮಾಡಿದ ತಕ್ಷಣ ಅಂಚು ಕತ್ತರಿಸುತ್ತದೆ ಅಂತ ಮತ್ತೆ ಬರೆಯುತ್ತೀರಿ, ಅದಕ್ಕೆ ಈಗಲೇ ಲೆಕ್ಕ ಹೇಳುತ್ತೇನೆ. 89×51 ಮಿ.ಮೀ. ಕಾರ್ಡಿಗೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆ ಚಾಚುವ ಬಣ್ಣ) ಕೊಟ್ಟರೆ 95×57. 12×18 ಶೀಟ್ ಅಂದರೆ 305×457 ಮಿ.ಮೀ. ಅಗಲಕ್ಕೆ ಮೂರು ಕೂತರೆ 285, ಸರಿ. ಉದ್ದಕ್ಕೆ ಎಂಟು ಕೂರಿಸಿದರೆ 456. ಉಳಿಯುವುದು 1 ಮಿ.ಮೀ. ಮೆಷಿನ್ ಅಂಚಿಗೆ ಬಿಡುವ ಖಾಲಿ ಜಾಗಕ್ಕೂ ಸಾಲುವುದಿಲ್ಲ, ಕ್ರಾಪ್ ಮಾರ್ಕಿಗೂ (ಕತ್ತರಿಸುವ ಗುರುತಿಗೂ) ಇಲ್ಲ. ಅದಕ್ಕೇ ಏಳು ಸಾಲು ಹಾಕಿ, 21 ಕಾರ್ಡ್. 24 ಬರಿಸಲೇಬೇಕು ಅಂದರೆ 13×19 ಶೀಟ್ ತೆಗೆದುಕೊಳ್ಳಿ, ನಿಮ್ಮ ಮೆಷಿನ್ ಅದನ್ನು ಒಪ್ಪುವುದಾದರೆ.

ಬಿಲ್ ಬುಕ್, ಕೂಪನ್ ಕೆಲಸ ಬಂದರೆ ಇಂಪೊಸಿಷನ್‌ನಲ್ಲಿ (ಒಂದು ಶೀಟಿನಲ್ಲಿ ಹಲವು ಪುಟ ಜೋಡಿಸುವ ಕಡೆ) ‘ಕಟ್ ಆಂಡ್ ಸ್ಟ್ಯಾಕ್’ ಥರದ ಆಯ್ಕೆ ಹುಡುಕಿ. 1000 ಕೂಪನ್, ಶೀಟಿಗೆ 10 ಅಂದರೆ 100 ಶೀಟ್. ಮೊದಲ ಜಾಗದಲ್ಲಿ 1ರಿಂದ 100, ಎರಡನೇ ಜಾಗದಲ್ಲಿ 101ರಿಂದ 200, ಹೀಗೆ. ಕತ್ತರಿಸಿ ಕಟ್ಟಿನ ಮೇಲೆ ಕಟ್ಟು ಇಟ್ಟರೆ ನಂಬರ್ ಸಾಲಾಗಿ ಬಂದಿರುತ್ತದೆ. ಸುಮ್ನೆ ಸಾಲಾಗಿ ಹೊಡೆದರೆ ಮನೆಮಂದಿ ಎಲ್ಲಾ ಕೂತು ಜೋಡಿಸಬೇಕು.

ಕಲಬುರಗಿಯಿಂದ, ಮೊದಲ ಆಪರೇಟರ್

ಲಗ್ನಪತ್ರಿಕೆ ಅಂದಿರಿ, ಅದಕ್ಕೊಂದು ಮಾತು. ಉಬ್ಬುತಗ್ಗು ಇರುವ ಟೆಕ್ಸ್ಚರ್ ಕಾರ್ಡ್‌ನಲ್ಲಿ ತಗ್ಗಿಗೆ ಟೋನರ್ ಇಳಿಯದೆ ಬಿಳಿ ಚುಕ್ಕಿ ಉಳಿದರೆ ಟ್ರಾನ್ಸ್‌ಫರ್ ವೋಲ್ಟೇಜ್ (ಟೋನರನ್ನು ಪೇಪರಿಗೆ ಎಳೆಯುವ ವೋಲ್ಟೇಜ್) ಸ್ವಲ್ಪ ಏರಿಸಬೇಕು. ಅದು ಜಾಬ್ ಪ್ರಾಪರ್ಟೀಸ್‌ನಲ್ಲಿ ಇರುವುದಿಲ್ಲ, ಮೆಷಿನ್‌ನ ಪೇಪರ್ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಆ ಕಾರ್ಡಿಗೆ ಬೇರೆ ಹೆಸರು ಕೊಟ್ಟು ಸೇವ್ ಮಾಡಿ, ಮಾಮೂಲಿ ಆರ್ಟ್ ಕಾರ್ಡ್‌ನದು ಮುಟ್ಟಬೇಡಿ. ಚಿನ್ನದ ಫಾಯಿಲ್ ಮೊದಲೇ ಹೊಡೆದ ಕಾರ್ಡ್ ತಂದು ಇದರ ಮೇಲೆ ಹೆಸರು ಹಾಕಿ ಅನ್ನುತ್ತಾರೆ. ಬೇಡ ಅನ್ನಿ. ಫ್ಯೂಸರ್ ಬಿಸಿಗೆ ಫಾಯಿಲ್ ಎದ್ದು ಒಳಗೆ ಅಂಟಿದರೆ ಒಂದು ಕಾರ್ಡಿನ ಸಲುವಾಗಿ ಫ್ಯೂಸರ್ ಬದಲಿಸಬೇಕಾದೀತು. ಪ್ರಿಂಟ್ ಮೊದಲು, ಫಾಯಿಲ್ ಆಮೇಲೆ.

ಇದೇ ಕಾರಣಕ್ಕೆ ತೊಗರಿಬೇಳೆ ಮಿಲ್ಲಿನವರು ಪ್ಯಾಕೆಟ್ ಲೇಬಲ್‌ಗೆ ಪ್ಲಾಸ್ಟಿಕ್ ಸ್ಟಿಕ್ಕರ್ ಶೀಟ್ ತಂದುಕೊಟ್ಟರೆ, ಲೇಸರ್‌ಗೆ ನಡೆಯುತ್ತದೆ ಅಂತ ಶೀಟಿನ ಪ್ಯಾಕ್ ಮೇಲೆ ಬರೆದಿದೆಯಾ ನೋಡಿ. ಇಂಕ್‌ಜೆಟ್ ಶೀಟ್ ಆದರೆ ವಾಪಸ್ ಕೊಡಿ.

ಯಾದಗಿರಿ

ಅಯ್ಯೋ, ಫಾಯಿಲ್ ಕಾರ್ಡಿನ ಒಂದು ಕಟ್ಟು ಟೇಬಲ್ ಮೇಲೆ ಇದೆ, ಸಂಜೆಗೆ ಬೇಕಂತೆ. ವಾಪಸ್ ಕಳಿಸುತ್ತೇನೆ ಅಣ್ಣಾ. ಕಟಿಂಗ್ ಆದ ಶೀಟ್ ಬಂದಮೇಲೆ ಚಾರ್ಟ್ ತೆಗೆದು ಅಳತೆ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.