ಹಳೆಯ ವಾರ್ನಿಷ್ ಮೇಲೆ ಸ್ಟೇನ್ ಏಕೆ ಹಿಡಿಯುವುದಿಲ್ಲ?

ಪ್ರಶ್ನೆ (ಮಾಳಮಡ್ಡಿ, ಧಾರವಾಡ):
ಪಾಲಿಶ್ ಕೆಲಸ ಬಲ್ಲವರು ದಯವಿಟ್ಟು ಹೇಳಿ. ನಮ್ಮದು ಅಜ್ಜನ ಕಾಲದ ಮನೆ, ಮಹಡಿಗೆ ಸಾಗವಾನಿ ಹಲಗೆಯ ನೆಲ. ಕೋಣೆ 12 ಅಡಿಗೆ 14 ಅಡಿ. ಹಿಂದೆ ಯಾವಾಗಲೋ ಬಳಿದ ವಾರ್ನಿಷ್ ಬಾಗಿಲ ಬಳಿ ಸವೆದುಹೋಗಿದೆ, ಮೂಲೆಗಳಲ್ಲಿ ಕಾಕಂಬಿಯ ಹಾಗೆ ದಪ್ಪವಾಗಿ ಕುಳಿತಿದೆ. ಹೋದ ವರ್ಷ ಬಂದ ಕೆಲಸಗಾರರೊಬ್ಬರು ಅದರ ಮೇಲೆಯೇ ಕಡುಗಂದು ಸ್ಟೇನ್ ಬಳಿದರು. ವಾರವಾದರೂ ಅಂಟಂಟು. ಆಮೇಲೆ ನೆಲ ಒರೆಸಿದಾಗಲೆಲ್ಲ ಬಟ್ಟೆಗೇ ಬಣ್ಣ. ಪೂರ್ತಿ ಕೆರೆಸಲೇಬೇಕೇ?

ಉತ್ತರ (ಪಾಲಿಶ್ ಗುತ್ತಿಗೆದಾರ, ಹುಬ್ಬಳ್ಳಿ):
ಕೆರೆಸಲೇಬೇಕು, ಅಕ್ಕಾವರೇ. ಸ್ಟೇನನ್ನು ಮರ ಕುಡಿಯಬೇಕು. ವಾರ್ನಿಷ್ ಇರುವಲ್ಲಿ ಮರದ ಬಾಯಿ ಮುಚ್ಚಿರುತ್ತದೆ, ಬಣ್ಣ ಮೇಲೆಯೇ ಕೂರುತ್ತದೆ, ಒರೆಸಿದರೆ ಬರುತ್ತದೆ. ಬಳಿದವರು ಇದನ್ನು ತಿಳಿದಿರಬೇಕಿತ್ತು.

ಮೊದಲು ಬಾಗಿಲ ಹಿಂದಿನ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಅರಿವೆಯನ್ನು ಒಂದೆರಡು ನಿಮಿಷ ಇಟ್ಟು ನೋಡಿ. ಹೋದ ವರ್ಷದ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರ ಕೆಳಗಿನ ಪದರ ಮೆತ್ತಗಾಗಿ ಅಂಟಿದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆಯ ವಾರ್ನಿಷ್ ಅಥವಾ ಪಾಲಿಯುರೆಥೇನ್ ಇರಬೇಕು. ಅದಕ್ಕೆ ನೇರ ಸ್ಯಾಂಡ್‌ಪೇಪರ್ ಬೆಲ್ಟಿನ ಉಜ್ಜುವ ಯಂತ್ರ ಹಚ್ಚಬಹುದು. ವಾರ್ನಿಷ್ ತೆಗೆಯುವ ದ್ರಾವಣವನ್ನು ಮಾತ್ರ ಸುರಿಯಬೇಡಿ. ಹಲಗೆಯ ಸಂದಿನಿಂದ ಅದು ಕೆಳಗಿನ ಕೋಣೆಗೆ ತೊಟ್ಟಿಕ್ಕುತ್ತದೆ. ಉಜ್ಜುವಾಗಿನ ಧೂಳಿಗೂ ಅದೇ ದಾರಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಅಲ್ಲಿ ದೇವರ ಮನೆಯಿದ್ದರೆ ಸ್ಪಿರಿಟ್, ಥಿನ್ನರ್ ಬಳಸುವ ದಿನ ದೀಪ ಹಚ್ಚಬೇಡಿ, ಗ್ಯಾಸ್ ಒಲೆಯನ್ನೂ ಉರಿಸಬೇಡಿ.

ಯಂತ್ರ ಇಡುವ ಮುಂಚೆ ಪ್ರತಿ ಮೊಳೆಯನ್ನೂ ಎರಡು ಮಿಲಿಮೀಟರ್ ಒಳಕ್ಕೆ ಹೊಡೆಯಿರಿ. ಒಂದು ತಲೆ ಎದ್ದಿದ್ದರೂ ಸಾಕು, ಬೆಲ್ಟ್ ಹರಿಯುತ್ತದೆ. ಆಮೇಲೆ 60 ನಂಬರಿನ ಸ್ಯಾಂಡ್‌ಪೇಪರ್, ಅದರ ಗೀರು ಹೋಗುವವರೆಗೆ 80, ಕೊನೆಗೆ 120. ಎಲ್ಲವೂ ಮರದ ಎಳೆಯ ಗುಂಟವೇ ಸಾಗಬೇಕು. ಅಡ್ಡ ಗೀರು ಬಿದ್ದರೆ ಈಗ ಕಾಣುವುದಿಲ್ಲ, ಸ್ಟೇನ್ ಹಚ್ಚಿದ ಮರುಕ್ಷಣ ಎದ್ದು ಕಾಣುತ್ತದೆ. 120ಕ್ಕೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಮರ ಬಣ್ಣ ಕುಡಿಯುವುದು ಕಡಿಮೆಯಾಗುತ್ತದೆ.

ಮುಗಿಯಿತೇ ಎಂದು ತಿಳಿಯಲು ಅಲ್ಲಲ್ಲಿ ನೀರಿನ ಹನಿ ಹಾಕಿ. ಹನಿ ಗುಂಡಗೆ ನಿಂತಲ್ಲಿ ವಾರ್ನಿಷ್ ಇನ್ನೂ ಇದೆ. ಹೀರಿ ಕಪ್ಪಾದರೆ ಬರಿಯ ಮರ.

ಪ್ರತಿಕ್ರಿಯೆ (ಗದಗ):
ನಮ್ಮ ತಂದೆ ಒಡೆದ ಗಾಜಿನಿಂದಲೇ ಬಾಗಿಲು ಕೆರೆಯುತ್ತಿದ್ದರು. ನೆಲಕ್ಕೂ ಆಗುವುದಿಲ್ಲವೇ? ಸಂದುಗಳಿಗೆ ಮರದ ಹೊಟ್ಟು, ಫೆವಿಕಾಲ್ ಕಲಸಿ ತುಂಬಬಹುದೇ?

ಉತ್ತರ:
ಗಾಜು ಮೂಲೆಗೆ ಈಗಲೂ ಒಳ್ಳೆಯದು, ನಾನೂ ಬಳಸುತ್ತೇನೆ. ಆದರೆ 168 ಚದರ ಅಡಿ ಕೆರೆಯುವಷ್ಟರಲ್ಲಿ ಬೆರಳು ಉಳಿಯುವುದಿಲ್ಲ, ಯಜಮಾನರೇ. ಸಂದು ತುಂಬಬೇಡಿ. ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ತುಂಬಿದ್ದು ಎರಡು ವರ್ಷದೊಳಗೆ ಒಡೆದು ಎದ್ದುಬರುತ್ತದೆ. ಮೇಲಾಗಿ ಅಂಟು ಸೋಕಿದ ಜಾಗ ಬಣ್ಣ ಕುಡಿಯದೆ ಬಿಳಿಚಿಕೊಂಡು ಕಾಣುತ್ತದೆ.

ಪ್ರಶ್ನೆ (ಮಾಳಮಡ್ಡಿ):
ಬಣ್ಣ ಕಡುಗಂದೇ ಇರಲಿ ಎಂದು ಮಗಳ ಹಟ. ಶ್ರಾವಣದೊಳಗೆ ಮುಗಿಯುತ್ತದೆಯೇ?

ಉತ್ತರ:
ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ವಾರ್ನಿಷ್ ಒಣಗುವುದಿಲ್ಲ. ಫೆಬ್ರುವರಿಯವರೆಗೆ ಕಾಯಿರಿ.

ಮಗಳಿಗೆ ಒಂದು ಕೆಲಸ ಹೇಳಿ. ಉಜ್ಜಿದ ಮೇಲೆ ಒಂದು ಹಲಗೆಗೆ ಥಿನ್ನರ್ ಅರಿವೆ ಒರೆಸಿ ನೋಡಲಿ. ಬಣ್ಣವಿಲ್ಲದ ವಾರ್ನಿಷ್ ಹಚ್ಚಿದರೆ ಸುಮಾರಾಗಿ ಹಾಗೆಯೇ ಕಾಣುತ್ತದೆ. ಹಳೆಯ ಸಾಗವಾನಿಗೆ ಕಡುಗಂದು ಬಳಿಯುವುದು ನನಗಂತೂ ಹಿಡಿಸುವುದಿಲ್ಲ. ಆದರೂ ಬೇಕೆಂದರೆ ಮಂಚದ ಕೆಳಗೆ ಬರುವ ಹಲಗೆಯ ಮೇಲೆ ಮಾದರಿ ಮಾಡಿ ನೋಡಿ. ಅಂಗಡಿಯ ಬಣ್ಣದ ಚೀಟಿ ನಂಬಬೇಡಿ. ಸ್ಟೇನ್ ಹಚ್ಚಿ ಐದರಿಂದ ಹತ್ತು ನಿಮಿಷ ಬಿಟ್ಟು ಹೆಚ್ಚಿನದನ್ನು ಒರೆಸಿ ತೆಗೆಯಬೇಕು, ಒಂದು ದಿನ ಒಣಗಲಿ. ಮೇಲೆ ನೆಲಕ್ಕೆಂದೇ ಇರುವ ಪಾಲಿಯುರೆಥೇನ್ ಮೂರು ಕೈ. ಕೈಗಳ ನಡುವೆ 220ರಿಂದ ಹಗುರವಾಗಿ ಉಜ್ಜಿ. ನವಲಗುಂದದ ಜಮಖಾನೆ ಇದ್ದರೆ ಮೂರು ವಾರ ಹಾಸಬೇಡಿ.

ಎಣ್ಣೆಯ ಸ್ಟೇನ್ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಳಗೇ ಕಾವು ಏರಿ ತಾವಾಗಿ ಹೊತ್ತಿಕೊಳ್ಳುತ್ತವೆ. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್‌ನಲ್ಲಿ ಮುಳುಗಿಸಿ.

ಪ್ರಶ್ನೆ (ಮಾಳಮಡ್ಡಿ):
ಸ್ಪಿರಿಟ್ ಇಟ್ಟು ನೋಡಿದೆ. ಕೆಳಗಿನ ಪದರ ಬೆಲ್ಲದ ಪಾಕದಂತೆ ಎಳೆ ಬಂದಿತು.

ಉತ್ತರ:
ಹಾಗಾದರೆ ಅರಗು. ಯಂತ್ರದ ಬಿಸಿಗೆ ಕರಗಿ ಬೆಲ್ಟಿಗೆ ಮೆತ್ತಿಕೊಳ್ಳುತ್ತದೆ, ಮರದಲ್ಲಿ ಉಳಿದರೆ ಮೇಲಿನ ಪಾಲಿಯುರೆಥೇನ್ ಸುಲಿಯುವ ಭಯವೂ ಇದೆ. ಮೊದಲು ಸ್ಪಿರಿಟ್ ಅರಿವೆಯಿಂದ ಒಂದೊಂದೇ ಹಲಗೆ ಒರೆಸಿ ತೆಗೆಸಿ, ಕಿಟಕಿ ತೆರೆದಿರಲಿ. ಯಂತ್ರ ಆಮೇಲೆ ತರಿಸಿದರಾಯಿತು.