ಸಹಾಯ ಬೇಕು: ‘ದಿ ಕ್ರೂಸಿಬಲ್’ ನಾಟಕದ ಪ್ರಬಂಧಕ್ಕೆ

ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಹನ್ನೊಂದನೇ ತರಗತಿ. ಈ ವರ್ಷ ಇಂಗ್ಲಿಷ್ ಪಾಠವೆಂದರೆ ಪೂರ್ತಿ ಅಮೆರಿಕನ್ ಸಾಹಿತ್ಯವೇ. ಈಗ ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ನಡೆಯುತ್ತಿದೆ. 1692ರಲ್ಲಿ ಇಲ್ಲಿನ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ನಡೆದ ಮಾಟಗಾತಿ ವಿಚಾರಣೆಯ ಕಥೆ ಅವಳಿಗೆ ಚೆನ್ನಾಗಿ ಹಿಡಿಸಿದೆ. ಎದೆಯ ಮೇಲೆ ಕಲ್ಲು ಹೇರುತ್ತಿದ್ದರೂ ಬಾಯಿ ಬಿಡದ ಮುದುಕ ಜೈಲ್ಸ್ ಕೋರಿಯ ಬಗ್ಗೆ ಊಟದ ಹೊತ್ತಿನಲ್ಲೂ ಮಾತನಾಡುತ್ತಾಳೆ.

ತೊಡಕಿರುವುದು ಪ್ರಬಂಧದಲ್ಲಿ. 1953ರಲ್ಲಿ ಮಿಲ್ಲರ್ ಈ ಹಳೆಯ ಕಥೆಯನ್ನೇ ಏಕೆ ಎತ್ತಿಕೊಂಡರು ಎಂದು ಬರೆಯಬೇಕು. ಆಗ ಅಮೆರಿಕದಲ್ಲಿ ನಡೆಯುತ್ತಿದ್ದ ಕಮ್ಯುನಿಸ್ಟರ ಬೇಟೆ, ಅದರ ಮುಂಚೂಣಿಯಲ್ಲಿದ್ದ ಸೆನೆಟರ್ ಮೆಕಾರ್ಥಿ, ಜೊತೆಗಾರರ ಹೆಸರು ಹೇಳೆಂಬ ಒತ್ತಾಯ, ಇಷ್ಟು ನನಗೆ ಗೊತ್ತು. ಅದನ್ನು ನಾಟಕದ ಯಾವ ದೃಶ್ಯಕ್ಕೆ, ಯಾವ ಮಾತಿಗೆ ಜೋಡಿಸಬೇಕು ಎಂಬಲ್ಲಿ ಇಬ್ಬರೂ ನಿಂತುಬಿಟ್ಟಿದ್ದೇವೆ. 1956ರಲ್ಲಿ ಮಿಲ್ಲರ್ ತಾವೇ ಸಂಸತ್ತಿನ ಸಮಿತಿಯ ಮುಂದೆ ಹೆಸರು ಹೇಳಲು ನಿರಾಕರಿಸಿದ್ದನ್ನು ಸೇರಿಸಬಹುದೇ? ಅದು ನಾಟಕ ಬಂದ ಮೇಲಿನ ಸಂಗತಿಯಲ್ಲವೇ ಎಂದು ಅವಳ ತಕರಾರು. ತಕರಾರಿನಲ್ಲಿ ಹುರುಳಿದೆ.

ಇಲ್ಲಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು, ಅಥವಾ ಮಕ್ಕಳು ಇದನ್ನು ಓದಿ ಮುಗಿಸಿರುವವರು ಯಾರಾದರೂ ಭಾನುವಾರ ಅರ್ಧ ಗಂಟೆ ಅವಳೊಂದಿಗೆ ಫೋನಿನಲ್ಲಿ ಮಾತನಾಡಬಲ್ಲಿರಾ? ಸಿದ್ಧ ಪ್ರಬಂಧ ಬೇಡ, ಬರೆಯುವವಳು ಅವಳೇ. ಅಂತರ್ಜಾಲದ ಸಾರಾಂಶಗಳನ್ನೂ ದಯವಿಟ್ಟು ಕಳುಹಿಸಬೇಡಿ. ಬುಧವಾರ ಒಪ್ಪಿಸಬೇಕು.