ಜೆಲ್ ದಿಮ್ಮಿಯಲ್ಲಿ 13 ಇಂಚು ಇಳಿದ ಗುಂಡನ್ನು ನಂಬಬಹುದೇ?

ಸತೀಶ, ಡಲ್ಲಾಸ್:
ಮನೆಯ ರಕ್ಷಣೆಗೆ ಇಟ್ಟುಕೊಂಡ 9 ಎಂಎಂ ಪಿಸ್ತೂಲಿಗೆ ಯಾವ ಗುಂಡು ಎಂದು ಇಲ್ಲಿ ಪದೇ ಪದೇ ಕೇಳುತ್ತಾರೆ. ನನ್ನ ಮಟ್ಟಿಗೆ ಇದು ಮುಗಿದ ಪ್ರಶ್ನೆ. ಎಫ್‌ಬಿಐ ಬಯಸುವುದು, ಮಾಂಸದ ಬದಲು ಬಳಸುವ ಜಿಲೆಟಿನ್ ದಿಮ್ಮಿಯಲ್ಲಿ ಗುಂಡು 12ರಿಂದ 18 ಇಂಚು ಆಳ ಇಳಿಯುವುದನ್ನು. ನಾನು ಆರಿಸಿಕೊಂಡ 115 ಗ್ರೇನ್ ತೂಕದ ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿಯಿದ್ದು, ದೇಹದೊಳಗೆ ಅರಳುವ) ಗುಂಡನ್ನು ಪಾರದರ್ಶಕ ಜೆಲ್ ದಿಮ್ಮಿಗೆ ಹೊಡೆದು ತೋರಿಸಿದ ವಿಡಿಯೊ ನೋಡಿದ್ದೇನೆ. 13 ಇಂಚು ಇಳಿದು, ಪೂರ್ತಿ ಅರಳಿ ನಿಂತಿದೆ. ದುಪ್ಪಟ್ಟು ಹಣ ಸುರಿದು ಪೊಲೀಸರು ಬಳಸುವ ಗುಂಡನ್ನೇ ಕೊಳ್ಳಬೇಕು ಎನ್ನುವವರು ಜಾಹೀರಾತಿಗೆ ಮರುಳಾದವರು.

ಗುರಿಕಾರ:
ನೀವು ನೋಡಿದ್ದು ಎಫ್‌ಬಿಐ ಪರೀಕ್ಷೆಯೇ ಅಲ್ಲ. ಆ ಪಾರದರ್ಶಕ ದಿಮ್ಮಿ ಎಣ್ಣೆ ಮತ್ತು ಪಾಲಿಮರ್‌ನಿಂದ ಮಾಡಿದ್ದು. ಕೆಡುವುದಿಲ್ಲ, ಕರಗಿಸಿ ಮತ್ತೆ ಎರಕ ಹೊಯ್ಯಬಹುದು, ಒಳಗಿನದು ಚೆನ್ನಾಗಿ ಕಾಣುತ್ತದೆ. ಅದಕ್ಕೇ ವಿಡಿಯೊ ಮಾಡುವವರಿಗೆ ಅದು ಬೇಕು. ನಿಜವಾದ ಪರೀಕ್ಷೆಗೆ ಬೇಕಾದದ್ದು ಪ್ರಾಣಿಜನ್ಯ ಜಿಲೆಟಿನ್: ತೂಕದಲ್ಲಿ ಶೇ 10ರಷ್ಟು ಪುಡಿ, ಉಳಿದದ್ದು ನೀರು, 4 ಡಿಗ್ರಿ ಸೆಲ್ಸಿಯಸ್ ತಂಪು. ಅದರ ಹದವನ್ನೂ ಮೊದಲು ನೋಡುತ್ತಾರೆ. ಏರ್‌ಗನ್‌ನ ಚಿಕ್ಕ ಉಕ್ಕಿನ ಗುಂಡನ್ನು ಸೆಕೆಂಡಿಗೆ 590 ಅಡಿ ವೇಗದಲ್ಲಿ ಹೊಡೆದರೆ ಅದು 8.5 ಸೆಂಟಿಮೀಟರ್ ಆಸುಪಾಸಿನಲ್ಲಿ ನಿಲ್ಲಬೇಕು. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಾದರೆ ಆ ದಿಮ್ಮಿ ಲೆಕ್ಕಕ್ಕಿಲ್ಲ. ಕೃತಕ ಜೆಲ್‌ನಲ್ಲಿ ಗುಂಡು ಸಾಮಾನ್ಯವಾಗಿ ಕಡಿಮೆ ಅರಳಿ ಹೆಚ್ಚು ಆಳಕ್ಕೆ ಹೋಗುತ್ತದೆ. ಅಲ್ಲಿನ 13 ಇಂಚು ನಿಜವಾದ ಜಿಲೆಟಿನ್‌ನಲ್ಲಿ 12ರ ಕೆಳಗೆ ಬಂದರೆ ಏನು ಮಾಡುತ್ತೀರಿ?

ಸತೀಶ, ಡಲ್ಲಾಸ್:
ನಾಲ್ಕು ಡಿಗ್ರಿ! ಮನೆಗೆ ನುಗ್ಗುವ ಮನುಷ್ಯನ ದೇಹ 37 ಡಿಗ್ರಿಯಲ್ಲಿರುತ್ತದೆ. ಫ್ರಿಜ್‌ನಿಂದ ತೆಗೆದ ದಿಮ್ಮಿ ದೇಹಕ್ಕೆ ಸಮ, ಕೋಣೆಯಲ್ಲಿಟ್ಟ ದಿಮ್ಮಿ ಸಮವಲ್ಲ ಎಂದರೆ ಯಾರು ಒಪ್ಪುತ್ತಾರೆ?

ಗುರಿಕಾರ:
ಸೇನೆಯ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಸ್ಯಾನ್ ಫ್ರಾನ್ಸಿಸ್ಕೋದ ಲೆಟರ್‌ಮನ್ ಸಂಸ್ಥೆಯಲ್ಲಿ ಹಂದಿಯ ಸ್ನಾಯುವಿನೊಂದಿಗೆ ಹೋಲಿಸಿ ನೋಡಿಯೇ ಈ ಹದವನ್ನು ಗೊತ್ತುಮಾಡಿದರು. ಶೇ 10, 4 ಡಿಗ್ರಿ: ಆ ಸ್ಥಿತಿಯಲ್ಲಿ ಗುಂಡು ಇಳಿಯುವ ಆಳ ಸ್ನಾಯುವಿನಲ್ಲಿ ಇಳಿಯುವ ಆಳಕ್ಕೆ ಹೊಂದುತ್ತದೆ. ಹೊಂದಬೇಕಾದದ್ದು ಉಷ್ಣಾಂಶವಲ್ಲ, ಆಳ.

ರಮ್ಯಾ, ಫೀನಿಕ್ಸ್:
ಇಬ್ಬರೂ ಬಟ್ಟೆಯನ್ನೇ ಮರೆತಿದ್ದೀರಿ. ಬರಿಯ ಜಿಲೆಟಿನ್ ಆ ಪರೀಕ್ಷೆಯ ಮೊದಲ ಹಂತ ಮಾತ್ರ. ಆಮೇಲೆ ದಪ್ಪ ಉಡುಪು, ಉಕ್ಕಿನ ತಗಡು, ಜಿಪ್ಸಂ ಗೋಡೆಹಲಗೆ, ಪ್ಲೈವುಡ್, ಓರೆಯಾಗಿ ನಿಲ್ಲಿಸಿದ ಕಾರಿನ ಗಾಜು. ಪ್ರತಿಯೊಂದಕ್ಕೂ ಐದು ಗುಂಡು. ಗುಂಡಿನ ಕುಳಿಯೊಳಗೆ ಬಟ್ಟೆಯ ಎಳೆ ತುಂಬಿಕೊಂಡರೆ ಅದು ಅರಳದೆ ಸಾಮಾನ್ಯ ಗುಂಡಿನಂತೆ ದೇಹದ ಆಚೆಗೂ ಹೋಗುತ್ತದೆ, ಗೋಡೆಯಾಚೆ ಮಲಗಿದ ಮಕ್ಕಳ ಕೋಣೆಗೂ ಹೋಗುತ್ತದೆ. ಒಂದು ವಿಡಿಯೊ ನೋಡಿ ಪ್ರಶ್ನೆ ಮುಗಿಯಿತು ಎನ್ನುವವರು ಮಯಾಮಿಯಲ್ಲಿ ಸೋತ ಗುಂಡನ್ನು ನೆನಪಿಸಿಕೊಳ್ಳಬೇಕು. ಅದೂ 115 ಗ್ರೇನ್. ಅದೂ ಚೆನ್ನಾಗಿಯೇ ಅರಳಿತ್ತು.

ಲೆಕ್ಕಿಗ:
"ಮಯಾಮಿಯಲ್ಲಿ ಸೋತ ಗುಂಡು" ಎಂಬುದು ನಾಲ್ಕು ದಶಕಗಳಿಂದ ತಿರುಗುತ್ತಿರುವ ಅರ್ಧಸತ್ಯ. 1986ರ ಏಪ್ರಿಲ್ 11ರಂದು ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಎಂಟು ಎಫ್‌ಬಿಐ ಏಜೆಂಟರು ಅಡ್ಡಗಟ್ಟಿದರು. ಕಾರಿನ ಕಿಟಕಿಯಿಂದ ಹೊರಬರುತ್ತಿದ್ದ ಮೈಕೆಲ್ ಪ್ಲಾಟ್‌ಗೆ ಏಜೆಂಟ್ ಜೆರ್ರಿ ಡವ್ ಹೊಡೆದ ವಿಂಚೆಸ್ಟರ್ ಸಿಲ್ವರ್‌ಟಿಪ್ ಗುಂಡು ಮೊದಲು ಬಲತೋಳನ್ನು ತೂರಿತು, ಬಳಿಕ ಎದೆಗೆ ಹೊಕ್ಕು ಶ್ವಾಸಕೋಶವನ್ನು ಕುಗ್ಗಿಸಿತು. ಅಂದು ಬೇಗ ಅರಳಿ ಬೇಗ ನಿಲ್ಲುವ ಗುಂಡೇ ಶ್ರೇಷ್ಠ ಎಂಬ ನಂಬಿಕೆಯಿತ್ತು. 1970ರ ದಶಕದಲ್ಲಿ ಸರ್ಕಾರವೇ ಹಣ ಕೊಟ್ಟು ಮಾಡಿಸಿದ, ಗುಂಡುಗಳ ಸಾಮರ್ಥ್ಯ ಅಳೆಯುವ ಸೂಚ್ಯಂಕವೂ ಗಾಯದಲ್ಲಿ ಕ್ಷಣಕಾಲ ಉಬ್ಬಿ ಮುಚ್ಚಿಕೊಳ್ಳುವ ಕುಳಿಗೆ ಹೆಚ್ಚು ಅಂಕ ಕೊಡುತ್ತಿತ್ತು. ಗುಂಡು ತನ್ನನ್ನು ಹೇಗೆ ರೂಪಿಸಿದ್ದರೋ ಹಾಗೆಯೇ ನಡೆಯಿತು. ಸೋತದ್ದು ಅಳತೆಗೋಲು.

ರಮ್ಯಾ, ಫೀನಿಕ್ಸ್:
ಹೃದಯಕ್ಕೆ ಸುಮಾರು ಒಂದು ಇಂಚು ದೂರದಲ್ಲಿ ನಿಂತಿತು ಎಂಬುದನ್ನು ಏಕೆ ಬಿಟ್ಟಿರಿ? ಆ ಗಾಯದ ನಂತರವೂ ಪ್ಲಾಟ್ ರೈಫಲ್ ಹಿಡಿದು ಹೋರಾಡಿದ. ಡವ್ ಸತ್ತರು, ಬೆನ್ ಗ್ರೋಗನ್ ಸತ್ತರು, ಇನ್ನೂ ಐವರು ಗಾಯಗೊಂಡರು. ಇದನ್ನು "ರೂಪಿಸಿದಂತೆ ನಡೆಯಿತು" ಎಂದು ಬರೆಯಲು ನಿಮಗೆ ಮನಸ್ಸು ಹೇಗೆ ಬಂತು?

ಲೆಕ್ಕಿಗ:
ಒಂದು ಇಂಚು, ಒಂದು ಇಂಚು! ಆ ಒಂದು ಇಂಚು ಮುಂದೆ ಹೋಗಿದ್ದರೆ ಎಲ್ಲವೂ ಅಲ್ಲೇ ನಿಲ್ಲುತ್ತಿತ್ತೇ? 1989ರಲ್ಲಿ ಎಫ್‌ಬಿಐ ತನ್ನದೇ ವರದಿಯಲ್ಲಿ ಬರೆದಿದೆ: ಹೃದಯ ಪೂರ್ತಿ ನಾಶವಾದರೂ ಮಿದುಳಿನಲ್ಲಿ ಉಳಿದ ಆಮ್ಲಜನಕ 10ರಿಂದ 15 ಸೆಕೆಂಡು ಮನುಷ್ಯನನ್ನು ನಡೆಸಬಲ್ಲದು. ಪ್ಲಾಟ್ ದೇಹದಲ್ಲಿ ಮಾದಕವಸ್ತುವೂ ಸಿಗಲಿಲ್ಲ. ಅಂಥ ಛಲದವನನ್ನು ಕೈಬಂದೂಕಿನ ಒಂದೇ ಗುಂಡು ನಿಲ್ಲಿಸಬೇಕಿತ್ತು ಎಂಬ ನಿರೀಕ್ಷೆಯೇ ತಪ್ಪು.

ರಮ್ಯಾ, ಫೀನಿಕ್ಸ್:
15 ಸೆಕೆಂಡು ಎಂದು ನೀವೇ ಹೇಳಿದಿರಿ. ಆ ಕಾಳಗ ನಡೆದದ್ದು ನಿಮಿಷಗಟ್ಟಲೆ. ಡವ್ ಗುಂಡು ಹೃದಯ ತಲುಪಿದ್ದರೆ ಉಳಿದ ನಿಮಿಷಗಳು ಇರುತ್ತಿರಲಿಲ್ಲ. ನಿಮ್ಮ ಪುರಾವೆಯೇ ನನ್ನ ವಾದ.

ವೆಂಕಟೇಶ, ಕೊಲಂಬಸ್:
ದಯವಿಟ್ಟು ಇಬ್ಬರೂ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಜಿಲೆಟಿನ್ ಬದಿಗಿಟ್ಟು ಬೀದಿಯಲ್ಲಿ ನಡೆದದ್ದನ್ನು ಎಣಿಸಿದವರೂ ಇದ್ದಾರೆ. ಬಂದೂಕುಗಳ ಬಗ್ಗೆ ಬರೆಯುವ ಮಾರ್ಷಲ್ ಮತ್ತು ಸ್ಯಾನೋ ನೂರಾರು ನಿಜವಾದ ಪ್ರಕರಣ ಸೇರಿಸಿ, ಒಂದೇ ಗುಂಡಿಗೆ ಎದುರಾಳಿ ನಿಂತ ಪ್ರಮಾಣವನ್ನು ಲೆಕ್ಕ ಹಾಕಿದರು. .357 ಮ್ಯಾಗ್ನಮ್‌ನ 125 ಗ್ರೇನ್ ಗುಂಡಿಗೆ ಶೇ 96 ಬಂದಿತ್ತು. ಇದು ಪ್ರಯೋಗಾಲಯದ ಮಾತಲ್ಲ.

ಗುರಿಕಾರ:
ಶೇ 96! ವೆಂಕಟೇಶ ಅವರೇ, ಆ ಲೆಕ್ಕದಲ್ಲಿ ಎದೆ ಅಥವಾ ಹೊಟ್ಟೆಗೆ ಒಂದೇ ಗುಂಡು ಬಿದ್ದ ಪ್ರಕರಣಗಳನ್ನು ಮಾತ್ರ ಸೇರಿಸಿದ್ದರು. ಮೊದಲನೆಯದು ಸಾಲದೆ ಎರಡನೆಯದನ್ನು ಹೊಡೆಯಬೇಕಾಗಿ ಬಂದ ಪ್ರಕರಣ ಲೆಕ್ಕದಿಂದಲೇ ಹೊರಗೆ. ನಪಾಸಾದ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿ ಶಾಲೆಯ ಫಲಿತಾಂಶ ಘೋಷಿಸಿದ ಹಾಗಾಯಿತು. ಫ್ಯಾಕ್ಲರ್ ಸೇರಿದಂತೆ ಹಲವರು ಇದನ್ನು ಅಂದೇ ಖಂಡಿಸಿದ್ದಾರೆ.

ವೆಂಕಟೇಶ, ಕೊಲಂಬಸ್:
ಫ್ಯಾಕ್ಲರ್ ಹೇಳಿದರು ಎಂದಾಕ್ಷಣ ವೇದವಾಕ್ಯವೇ? ಜಿಲೆಟಿನ್‌ಗೆ ಭಯವಿಲ್ಲ, ನೋವಿಲ್ಲ, ಓಡಿಹೋಗುವ ಮನಸ್ಸೂ ಇಲ್ಲ. ಹೆಚ್ಚಿನ ಕಳ್ಳರು ಗಾಯದಿಂದಲ್ಲ, ಹೆದರಿಕೆಯಿಂದ ನಿಲ್ಲುತ್ತಾರೆ. ನಿಮ್ಮ ದಿಮ್ಮಿಯಲ್ಲಿ ಅದನ್ನು ಅಳೆಯುವುದು ಹೇಗೆ?

ಭಟ್, ಧಾರವಾಡ:
ಹೊರಗಿನವನಾಗಿ ಓದುತ್ತಿದ್ದೇನೆ. ದೇಹದೊಳಗೆ ಅರಳುವ ಗುಂಡನ್ನು 1899ರ ಹೇಗ್ ಘೋಷಣೆಯಲ್ಲೇ ಅಮಾನವೀಯವೆಂದು ನಿಷೇಧಿಸಿದ್ದಾರೆ. ಕಲ್ಕತ್ತೆಯ ಪಕ್ಕದ ಡಮ್ ಡಮ್ ಕಾರ್ಖಾನೆಯ ಗುಂಡಿನಿಂದಲೇ ಆ ಕೂಗು ಎದ್ದದ್ದು. ಸೈನಿಕನ ಮೇಲೆ ಹಾರಿಸಬಾರದ ಗುಂಡು ಯಾವುದು ಚೆನ್ನಾಗಿ ಅರಳುತ್ತದೆ ಎಂದು ನೀವು ಇಷ್ಟು ಉತ್ಸಾಹದಿಂದ ಚರ್ಚಿಸುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ರಮ್ಯಾ, ಫೀನಿಕ್ಸ್:
ಭಟ್ಟರೇ, ಆ ಘೋಷಣೆ ಸಹಿ ಹಾಕಿದ ದೇಶಗಳ ನಡುವಿನ ಯುದ್ಧಕ್ಕೆ. ಅಮೆರಿಕ ಅದಕ್ಕೆ ಸಹಿಯನ್ನೇ ಹಾಕಿಲ್ಲ. ಪೊಲೀಸರು ಅರಳುವ ಗುಂಡನ್ನು ಬಳಸುವುದು ದಾರಿಹೋಕರ ಜೀವ ಉಳಿಸಲು, ಅದು ದೇಹದಲ್ಲೇ ನಿಲ್ಲಲಿ ಎಂದು. ಲೆಕ್ಕಿಗರು ನನ್ನ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.

ಲೆಕ್ಕಿಗ:
ಉತ್ತರ ಕೇಳಿ. ಎದುರಾಳಿಯ ಕೈಯಲ್ಲಿ ರೂಗರ್ ಮಿನಿ-14 ರೈಫಲ್. ನಮ್ಮವರ ಕೈಯಲ್ಲಿ ಬಹುತೇಕ ರಿವಾಲ್ವರ್. ಯೋಜನೆಯ ಕೊರತೆ, ಆಯುಧದ ಕೊರತೆ, ಕವಚದ ಕೊರತೆ ಇವೆಲ್ಲವನ್ನೂ ಒಂದು ಗುಂಡಿನ ತಲೆಗೆ ಕಟ್ಟುವುದು ಸಂಸ್ಥೆಗೆ ಅನುಕೂಲವಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಆಮೇಲೆ ಏನಾಯಿತು? 10 ಎಂಎಂ ಗುಂಡು ಬಂತು, ಅದು ಭಾರವೆಂದು .40 ಇಂಚಿನ ಗುಂಡು ಬಂತು, 2014ರಲ್ಲಿ ಕ್ವಾಂಟಿಕೋದಲ್ಲಿರುವ ಆ ಸಂಸ್ಥೆಯ ತರಬೇತಿ ವಿಭಾಗವೇ 9 ಎಂಎಂ ಸಾಕು ಎಂದು ಬರೆಯಿತು. ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರು.

ರಮ್ಯಾ, ಫೀನಿಕ್ಸ್:
ಹೊರಟಲ್ಲಿಗೇ ಬರಲಿಲ್ಲ! 1986ರ 9 ಎಂಎಂ ಬೇರೆ, 2014ರ 9 ಎಂಎಂ ಬೇರೆ. ನಡುವೆ ಈ ಪರೀಕ್ಷೆಯನ್ನು ಎದುರಿಟ್ಟುಕೊಂಡೇ ಕಂಪನಿಗಳು ಹೊಸ ಗುಂಡು ರೂಪಿಸಿದವು: ಹೊದಿಕೆಗೆ ಸೀಸವನ್ನು ಬೆಸೆದವು, ಬಟ್ಟೆ ತುಂಬಿದರೂ ಅರಳುವಂತೆ ಕುಳಿಯನ್ನು ತಿದ್ದಿದವು. ಕೆಲವು ಕುಳಿಯಲ್ಲೇ ಮೃದು ಪಾಲಿಮರ್ ತುಂಬಿದವು. ಅಳತೆಗೋಲು ಸರಿಯಾದದ್ದರಿಂದ ಗುಂಡು ಸರಿಯಾಯಿತು.

ಲೆಕ್ಕಿಗ:
"ಪರೀಕ್ಷೆಯನ್ನು ಎದುರಿಟ್ಟುಕೊಂಡು." ಇದನ್ನೇ ನಾನೂ ಹೇಳುತ್ತಿರುವುದು. ಪರೀಕ್ಷೆ ಪಾಸಾಗಲೆಂದು ರೂಪಿಸಿದ ಗುಂಡು ಪರೀಕ್ಷೆ ಪಾಸಾದರೆ ಏನು ಸಾಬೀತಾಯಿತು? 1904ರಲ್ಲಿ ಷಿಕಾಗೋ ಕಸಾಯಿಖಾನೆಯಲ್ಲಿ ಅಮೆರಿಕ ಸೇನೆಯ ಥಾಂಪ್ಸನ್ ಮತ್ತು ಲಾಗಾರ್ಡ್ ಜೀವಂತ ದನಗಳ ಮೇಲೂ ಶವಗಳ ಮೇಲೂ ಗುಂಡು ಹಾರಿಸಿ .45 ಇಂಚಿಗಿಂತ ಕಡಿಮೆ ಅಳತೆಯ ಗುಂಡು ಬೇಡವೆಂದರು. ಅದೂ ಅಂದಿನ ವಿಜ್ಞಾನವೇ ಆಗಿತ್ತು.

ಗುರಿಕಾರ:
ದನಗಳನ್ನು ಇಲ್ಲಿಗೆ ಎಳೆಯಬೇಡಿ. ಒಂದೊಂದು ಹಸುವಿಗೆ ಒಂದೊಂದು ಬಗೆಯಲ್ಲಿ ಹೊಡೆದ ಆ ಪ್ರಯೋಗದಲ್ಲಿ ಹೋಲಿಕೆಗೆ ಆಧಾರವೇ ಇರಲಿಲ್ಲ. ಜಿಲೆಟಿನ್‌ನ ಬೆಲೆ ಇರುವುದೇ ಅಲ್ಲಿ: ಇಂದು ಟೆಕ್ಸಾಸ್‌ನಲ್ಲಿ ಹೊಡೆದ ಗುಂಡನ್ನು ನಾಳೆ ಬೇರೆಲ್ಲೋ ಹೊಡೆದ ಗುಂಡಿನ ಪಕ್ಕದಲ್ಲಿಟ್ಟು ನೋಡಬಹುದು. ಅದು ಮನುಷ್ಯನೆಂದು ಯಾರೂ ಹೇಳಿಲ್ಲ.

ವೆಂಕಟೇಶ, ಕೊಲಂಬಸ್:
"ಅದು ಮನುಷ್ಯನೆಂದು ಯಾರೂ ಹೇಳಿಲ್ಲ." ಅಷ್ಟು ಸಾಕು ನನಗೆ.

ರಮ್ಯಾ, ಫೀನಿಕ್ಸ್:
ಏನು ಸಾಕು? ಇಬ್ಬರು ಏಜೆಂಟರ ಸಾವಿನಿಂದ ಕಲಿತ ಪಾಠವನ್ನು ಮಾತಿನ ತುಂಡು ಹಿಡಿದು ಅಲ್ಲಗಳೆಯುವುದು ನನಗೆ ಸಹಿಸಲಾಗದು. 12 ಇಂಚು ಎಂಬ ಕನಿಷ್ಠ ಮಿತಿ 1987ರಲ್ಲಿ ಕ್ವಾಂಟಿಕೋದಲ್ಲಿ ಕುಳಿತ ಗಾಯತಜ್ಞರ ಮಾತಿನಿಂದ ಬಂದದ್ದು. ಎದುರಾಳಿ ಎದೆಯೊಡ್ಡಿ ನಿಲ್ಲುವುದಿಲ್ಲ. ಪಕ್ಕಕ್ಕೆ ತಿರುಗಿರುತ್ತಾನೆ, ತೋಳು ಅಡ್ಡ ಬರುತ್ತದೆ. ಪ್ಲಾಟ್ ತೋಳು ಅಡ್ಡ ಬಂದಂತೆ.

ಲೆಕ್ಕಿಗ:
ಗಾಯತಜ್ಞರು ಅಂದು ಆ ಕೋಣೆಯಲ್ಲೂ ಒಮ್ಮತದಲ್ಲಿರಲಿಲ್ಲ.

ಸತೀಶ, ಡಲ್ಲಾಸ್:
ನಾನು ಕೇಳದ ಪ್ರಶ್ನೆಗೆ ಇಷ್ಟೊಂದು ಉತ್ತರ ಬಂದಿದೆ. ಮಯಾಮಿ ನನ್ನ ಮನೆಯಲ್ಲ. ನನ್ನ ಮನೆಯಲ್ಲಿ ಕಾರಿನ ಗಾಜೂ ಇಲ್ಲ, ಉಕ್ಕಿನ ತಗಡೂ ಇಲ್ಲ. ಬಟ್ಟೆಯ ಮಾತು ಬೇಕಾದರೆ ಪರಿಶೀಲಿಸುತ್ತೇನೆ. ನಾಲ್ಕು ಪದರ ಡೆನಿಮ್ ಹೊದಿಸಿ ಹೊಡೆದ ವಿಡಿಯೊ ಒಂದು ಸಿಕ್ಕಿದೆ. ಅದರಲ್ಲೂ ಅರಳಿದೆ, ಅದರಲ್ಲೂ 13.

ಗುರಿಕಾರ:
ಅದೂ ಪಾರದರ್ಶಕ ಜೆಲ್‌ನಲ್ಲೇ?

ಸತೀಶ, ಡಲ್ಲಾಸ್:
ಯಾವ ಜೆಲ್ ಎಂಬುದು ನಿಮ್ಮ ಹಟ. ಗುಂಡು 13 ಇಂಚು ಇಳಿದಿದೆ.

ಗುರಿಕಾರ:
ಉಕ್ಕಿನ ಚಿಕ್ಕ ಗುಂಡು ಎಷ್ಟು ಸೆಂಟಿಮೀಟರ್ ಇಳಿಯಿತು ಎಂದು ಆ ವಿಡಿಯೊದಲ್ಲಿ ತೋರಿಸಿದ್ದರೆ ನಿಮಿಷದ ಸಮೇತ ಇಲ್ಲಿ ಹಾಕಿ. ತೋರಿಸಿಲ್ಲವಾದರೆ 13 ಎಂಬ ಸಂಖ್ಯೆಯನ್ನು ಇನ್ನು ಬರೆಯಬೇಡಿ.